ಮೀನಿಗೆ ಉಪಗ್ರಹ, ಭೇದಿಗೆ ಬ್ಲೀಚಿಂಗ್ ಪೌಡರ್

ಕಳೆದ ಜುಲೈಯಲ್ಲಿ ಅಮೆರಿಕದ ಚೆಸಪೀಕ್ ಕೊಲ್ಲಿಯ ದಡದಲ್ಲಿ ಪ್ಯಾಂಟು ಮಡಚಿ ನೀರಿಗಿಳಿಯುತ್ತಿದ್ದ ನನ್ನನ್ನು ಅಪರಿಚಿತ ಹಿರಿಯರೊಬ್ಬರು ತಡೆದು, ಹಿಮ್ಮಡಿಯ ಗಾಯದತ್ತ ಬೊಟ್ಟು ಮಾಡಿ, ಈ ಸೆಕೆಗಾಲದಲ್ಲಿ ಗಾಯವಿಟ್ಟುಕೊಂಡು ಇಳಿಯಬಾರದು ಎಂದರು. ಕರಾವಳಿಯಲ್ಲಿ ಹುಟ್ಟಿದ ನನಗೇ ನೀರಿನ ಪಾಠವೇ ಎಂದು ಮುಖ ಬಿಗಿಯಿತು. ಅಳಿವೆಯ ಸಪ್ಪೆಯುಪ್ಪು ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿ ಬೆಚ್ಚಗಾದಾಗ ವಿಬ್ರಿಯೊ ಬ್ಯಾಕ್ಟೀರಿಯಾಗಳು ಹುಲುಸಾಗಿ ಬೆಳೆಯುತ್ತವೆ, ಅವುಗಳಲ್ಲೊಂದು ಗಾಯದ ಮೂಲಕ ಹೊಕ್ಕು ಪ್ರಾಣವನ್ನೇ ತೆಗೆಯಬಲ್ಲದು, ಅದೇ ಕುಲದ ಇನ್ನೊಂದು ಕಾಲರಾ ತರುತ್ತದೆ ಎಂಬುದು ಆಮೇಲೆ ತಿಳಿಯಿತು.

ಇಲ್ಲಿನವರು ಕಾಯಿಲೆಗಾಗಿಯೂ ಕಡಲನ್ನು ನೋಡುತ್ತಾರೆ. ಮೇರಿಲ್ಯಾಂಡಿನ ವಿಜ್ಞಾನಿ ರೀಟಾ ಕಾಲ್ವೆಲ್ ಅವರ ತಂಡ, ಕಾಲರಾದ ಬ್ಯಾಕ್ಟೀರಿಯಾ ಸಾಸಿವೆಗಿಂತ ಸಣ್ಣದಾದ ಕೋಪೆಪಾಡ್ ಎಂಬ, ನೀರಲ್ಲಿ ತೇಲುವ ಜೀವಿಗೆ ಅಂಟಿಕೊಂಡು ಬದುಕುವುದನ್ನು ತೋರಿಸಿತು. ಬಂಗಾಳ ಕೊಲ್ಲಿಯ ಮೇಲ್ಮೈ ತಾಪಕ್ಕೂ ಬಾಂಗ್ಲಾದೇಶದ ಕಾಲರಾ ಏರಿಳಿತಕ್ಕೂ ಇರುವ ನಂಟನ್ನು ಉಪಗ್ರಹದ ಮಾಹಿತಿಯಿಂದ ಗುರುತಿಸಿತು.

ನನ್ನ ಅಸಹನೆ ಶುರುವಾಗುವುದು ಇಲ್ಲಿಂದ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲ ತಾಪವನ್ನೂ ಪಾಚಿಯ ಹಸಿರನ್ನೂ ಉಪಗ್ರಹದಿಂದ ಅಳೆದು, ಮೀನು ಎಲ್ಲಿ ಸಿಕ್ಕೀತೆಂದು ನಮ್ಮ ಬೋಟಿನವರಿಗೆ ತಿಳಿಸುತ್ತದೆ. ಬಲೆ ಬೀಸಲು ಒದಗುವ ಆ ಅಳತೆಗಳನ್ನು ಆರೋಗ್ಯ ಕೇಂದ್ರದ ಗೋಡೆಯ ಮೇಲೆ ನಾನು ಒಮ್ಮೆಯೂ ಕಂಡಿಲ್ಲ. ಅಲ್ಲಿ ನಾಲ್ಕು ಮನೆಗೆ ಭೇದಿ ಹಬ್ಬಿದ ಮೇಲೆ ಬಾವಿಗೆ ಬ್ಲೀಚಿಂಗ್ ಪೌಡರ್ ಬೀಳುತ್ತದೆ, ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಅರಬ್ಬೀ ಸಮುದ್ರ ಬಿಸಿಯೇರುತ್ತಿದೆ, 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದು ಹೋಯಿತು. ಆದರೂ ಉಳ್ಳಾಲದ ಕಡಲೆಂದರೆ ನಮಗೆ ನೆನಪಾಗುವುದು ಕೊರೆತಕ್ಕೆ ಸುರಿದ ಕಲ್ಲಿನ ಲೆಕ್ಕ ಮಾತ್ರ.

ಮಳೆಗಾಲದಲ್ಲಿ ನಮ್ಮಲ್ಲಿ ಹಬ್ಬುವ ಕಾಮಾಲೆಗೆ ಕಡಲಿಗಿಂತ ಚರಂಡಿಯೇ ಹತ್ತಿರದ ನೆಂಟ ಎಂಬುದನ್ನು ಒಪ್ಪುತ್ತೇನೆ. ಕೇರಳದ ವೇಂಬನಾಡು ಸರೋವರದಲ್ಲಿ ವಿಬ್ರಿಯೊ ಅಧ್ಯಯನ ನಡೆದಿದೆ ಎಂಬುದನ್ನೂ ಒಪ್ಪಬೇಕು. ಇನ್ನೊಂದನ್ನು ಒಪ್ಪಲು ಮಾತ್ರ ನಾಲಿಗೆ ತಡವರಿಸುತ್ತದೆ: ಕಾಲ್ವೆಲ್ ತಂಡ ಬಾಂಗ್ಲಾದ ಹಳ್ಳಿಗಳಲ್ಲಿ ಕಾಲರಾವನ್ನು ಸುಮಾರು ಅರ್ಧಕ್ಕಿಳಿಸಿದ್ದು ಪದರ ಪದರವಾಗಿ ಮಡಚಿದ ಹಳೆಯ ಸೀರೆಯಲ್ಲಿ ನೀರು ಸೋಸುವಂತೆ ಹೇಳಿಕೊಟ್ಟು. ಒಗೆದೊಗೆದು ಸವೆದ ಸೀರೆಯ ನೂಲು ಜುಂಗುಜುಂಗಾಗಿ ರಂಧ್ರ ಕಿರಿದಾಗುವುದರಿಂದ, ಅದು ಹೊಸದಕ್ಕಿಂತ ಮೇಲಂತೆ. ನಮ್ಮಜ್ಜಿ ಕೊಡದ ಬಾಯಿಗೆ ಕಟ್ಟುತ್ತಿದ್ದುದೂ ಅಂಥದ್ದೇ ಬಟ್ಟೆ. ಮನೆಗೆ ಫಿಲ್ಟರ್ ಬಂದ ವರ್ಷ ನಾನೇ ಅದನ್ನು ನೆಲ ಒರೆಸಲು ಕೊಟ್ಟಿದ್ದೆ.