ಮರಿ ಎಲ್ಲಿ, ತೋರಿಸಿ!

ನಿನ್ನೆ ಮಾಂಟೆರೆಯಿಂದ ಮರಳಿ ಎರಡು ಲೋಟ ಕಷಾಯ ಕುಡಿದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾಗುತ್ತದೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಬಹುದು, ಹೇಗೂ ಅದನ್ನೇ ಮಾಡುತ್ತೀರಿ.

ನನ್ನ ಹುಚ್ಚು ನಿಮಗೆ ಗೊತ್ತಿದ್ದದ್ದೇ. ಕ್ಯಾಲಿಫೋರ್ನಿಯಾದ ಸನಿವೇಲ್‌ಗೆ ಬಂದು ಇಷ್ಟು ವರ್ಷವಾದರೂ ಕಡಲು ಕಾಣದೆ ತಿಂಗಳು ಕಳೆಯುವುದಿಲ್ಲ, ಹೊನ್ನಾವರದವನ ಹಣೆಬರಹ. ಹಾಗಾಗಿ ಮಾಂಟೆರೆ ಬೇ ಅಕ್ವೇರಿಯಂಗೆ ವರ್ಷದ ಸದಸ್ಯತ್ವ ಮಾಡಿಸಿಕೊಂಡಿದ್ದೇನೆ. ಹೋದಾಗಲೆಲ್ಲ ನೇರವಾಗಿ ನೀರುನಾಯಿಗಳ ಮುಂದೆ ನಿಲ್ಲುತ್ತೇನೆ. ನಮ್ಮ ತುಂಗಭದ್ರೆಯ ನೀರುನಾಯಿಯಲ್ಲ, ಇದು ಕಡಲಿನದು. ಮಲಗುವುದು, ಉಣ್ಣುವುದು, ಮರಿ ಸಾಕುವುದು ಎಲ್ಲವೂ ಅಂಗಾತ ತೇಲುತ್ತಲೇ.

ನಿನ್ನೆಯೂ ನಿಂತಿದ್ದೆ. ಬೆನ್ನ ಹಿಂದೆ ಕನ್ನಡ ಕೇಳಿಸಿತು. ಕಿವಿ ಅರಳಿತು. ಎರಡೇ ನಿಮಿಷದಲ್ಲಿ ಬಾಡಿತು.

ಯಜಮಾನರೊಬ್ಬರು ಉಂಗುರದ ಬೆರಳಿನಿಂದ ಗಾಜನ್ನು ಟಕ್ ಟಕ್ ಎಂದು ಬಡಿಯುತ್ತಿದ್ದರು. ನೀರುನಾಯಿ ಇತ್ತ ತಿರುಗಬೇಕು, ಸೆಲ್ಫಿಯಲ್ಲಿ ಅದರ ಮುಖ ಬೀಳಬೇಕು. ಅಲ್ಲಿದ್ದ ಸ್ವಯಂಸೇವಕಿ ಅಜ್ಜಿ ನಗುತ್ತಲೇ ಬೇಡವೆಂದರು. ಯಜಮಾನರು ನಿಲ್ಲಿಸಿದರು. ನಂತರ ಅಜ್ಜಿಯನ್ನೇ ಹಿಡಿದುಕೊಂಡರು: ತಾಯಿ ತಪ್ಪಿದ ಮರಿಗಳನ್ನು ಇಲ್ಲಿ ಸಾಕುತ್ತಾರಂತಲ್ಲ, ಆ ಮರಿಗಳೆಲ್ಲಿ? ಸಮುದ್ರಕ್ಕೆ ಬಿಡಲಿರುವ ಮರಿಗಳನ್ನು ಜನರಿಗೆ ತೋರಿಸುವುದಿಲ್ಲ ಎಂದು ಅಜ್ಜಿ ವಿವರಿಸಿದರು. ಯಜಮಾನರು ಹೆಂಡತಿಯತ್ತ ತಿರುಗಿ, “ತಲೆಗೆ ಅಷ್ಟೊಂದು ಡಾಲರ್ ಕಿತ್ತುಕೊಂಡು ಮರಿ ತೋರಿಸುವುದಿಲ್ಲವಂತೆ. ಎರಡು ತಾಸು ಕಾರು ಓಡಿಸಿ ಬಂದದ್ದು ಇದರ ಬೆನ್ನು ನೋಡುವುದಕ್ಕೋ?” ಎಂದರು.

ಮರಿ ಎಲ್ಲಿ, ತೋರಿಸಿ! ರಾತ್ರಿಯಿಡೀ ತಲೆಯಲ್ಲಿ ಇದೇ ಮಾತು.

ಸ್ವಾಮಿ, ಮರಿ ತೋರಿಸದೆ ಇರುವುದೇ ಅಲ್ಲಿನ ಕೆಲಸ. ಕಡಲ ನೀರುನಾಯಿಯ ಎಳೆ ಮರಿಗೆ ಮುಳುಗಲು ಬರುವುದಿಲ್ಲ. ತುಪ್ಪಳದಲ್ಲಿ ಗಾಳಿ ತುಂಬಿಕೊಂಡು ಬೆಂಡಿನಂತೆ ತೇಲುತ್ತದೆ. ಸುಮಾರು ಆರು ತಿಂಗಳು ತಾಯಿಯೇ ಎಲ್ಲವನ್ನೂ ಕಲಿಸಬೇಕು: ಮುಳುಗುವುದು, ಏಡಿ ಹಿಡಿಯುವುದು, ಹೊಟ್ಟೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಒಡೆಯುವುದು, ತುಪ್ಪಳವನ್ನು ಉಜ್ಜಿ ಉಜ್ಜಿ ಗಾಳಿ ತುಂಬಿಸಿಕೊಳ್ಳುವುದು. ತಿಮಿಂಗಿಲಕ್ಕಿರುವಂತೆ ಇದಕ್ಕೆ ಚರ್ಮದಡಿ ದಪ್ಪ ಕೊಬ್ಬಿಲ್ಲ. ಚಳಿ ತಡೆಯಲು ಇರುವುದು ಒಂದು ಚದರ ಅಂಗುಲಕ್ಕೆ ಹತ್ತು ಲಕ್ಷದವರೆಗೆ ಕೂದಲಿರುವ ಆ ತುಪ್ಪಳ, ಜೊತೆಗೆ ದಿನಕ್ಕೆ ಮೈತೂಕದ ಕಾಲು ಭಾಗದಷ್ಟು ಊಟ. ಬಿರುಗಾಳಿ ಎದ್ದು ತಾಯಿ ತಪ್ಪಿತೋ, ಶಾರ್ಕ್ ಕಚ್ಚಿ ತಾಯಿ ಸತ್ತಿತೋ, ಮರಿ ದಡಕ್ಕೆ ಬಂದು ಬಿದ್ದು ಅರಚುತ್ತದೆ.

1984ರಲ್ಲಿ ಅಕ್ವೇರಿಯಂ ಬಾಗಿಲು ತೆರೆದ ಕಾಲದಿಂದಲೂ ಇಂಥ ಮರಿಗಳನ್ನು ಎತ್ತಿ ತರುತ್ತಿದ್ದಾರೆ. ಮೊದಮೊದಲು ಮನುಷ್ಯರೇ ತಾಯಿಯಾಗಲು ಹೋದರು. ಮರಿಯ ಜೊತೆ ಕಡಲಿಗಿಳಿದು ಈಜಿದರು, ಮುಳುಗುವುದನ್ನು ಕಲಿಸಿದರು. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಹಾಗೆ ಬೆಳೆದ ಮರಿ ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ, ಕಯಾಕ್ ಎಂಬ ಪುಟ್ಟ ದೋಣಿ ಕಂಡರೆ ಹತ್ತುತ್ತದೆ. ಮನುಷ್ಯನನ್ನು ನಂಬಿದ ಕಾಡುಪ್ರಾಣಿಯ ಗತಿಯನ್ನು ನಾನು ಬಿಡಿಸಿ ಹೇಳಬೇಕಿಲ್ಲ.

2001ರಲ್ಲಿ ಟೂಲಾ ಎಂಬ ಹೆಣ್ಣು ನೀರುನಾಯಿ ಅಲ್ಲಿತ್ತು. ಮಿದುಳಿಗೆ ಸೋಂಕು ತಗಲಿ ಫಿಟ್ಸ್ ಬರುತ್ತಿದ್ದುದರಿಂದ ಮತ್ತೆ ಕಡಲಿಗೆ ಬಿಡುವಂತಿರಲಿಲ್ಲ. (ಆ ಸೋಂಕಿನ ಮೂಲ ಬೆಕ್ಕಿನ ಮಲ. ಮಳೆನೀರಿನ ಜೊತೆ ಕಡಲು ಸೇರುತ್ತದೆ. ಬೆಕ್ಕು ಸಾಕಿದ ಗೆಳೆಯರು ಕೋಪಿಸಿಕೊಳ್ಳಬಾರದು, ನಮ್ಮ ಮನೆಯಲ್ಲೂ ಎರಡಿವೆ.) ಟೂಲಾ ಹೆತ್ತ ಮರಿ ಸತ್ತೇ ಹುಟ್ಟಿತು. ಅದೇ ಹೊತ್ತಿಗೆ ದಡದಿಂದ ಅನಾಥ ಮರಿಯೊಂದು ಬಂತು. ನೋಡೋಣವೆಂದು ಅದನ್ನು ಇದರ ಬಳಿ ಬಿಟ್ಟರು. ಟೂಲಾ ಎದೆಗವುಚಿಕೊಂಡಿತು. ಇದನ್ನು ಬರೆಯುವಾಗ ಕಣ್ಣು ಮಂಜಾಗುತ್ತದೆ, ಹಾಸ್ಯ ಮಾಡಬೇಡಿ.

ಅಲ್ಲಿಂದ ಪದ್ಧತಿಯೇ ಬದಲಾಯಿತು. ಕಡಲಿಗೆ ಮರಳಲಾರದ ಹೆಣ್ಣುಗಳೇ ಈಗ ಸಾಕುತಾಯಂದಿರು. 2024ರಲ್ಲಿ 24 ವರ್ಷ ಬಾಳಿ ತೀರಿಕೊಂಡ ರೋಸಾ ಒಂದೇ 15 ಮರಿಗಳನ್ನು ಸಾಕಿತ್ತು. ಇನ್ನು ಮನುಷ್ಯರು? ಮರಿಯ ಹತ್ತಿರ ಹೋಗಲೇಬೇಕಾದಾಗ ಕಪ್ಪು ಜೋಲು ಅಂಗಿ ಹೊದ್ದು, ಬೆಸುಗೆ ಹಾಕುವವರ ಮುಖವಾಡ ತೊಟ್ಟು ಹೋಗುತ್ತಾರೆ. ನಮ್ಮೂರಲ್ಲಿ ವೇಷ ಕಟ್ಟುವುದು ರಂಗಸ್ಥಳದಲ್ಲಿ ಸಾವಿರ ಕಣ್ಣು ತನ್ನ ಮೇಲೆ ಬೀಳಲೆಂದು. ಇವರು ವೇಷ ಕಟ್ಟುವುದು ಒಂದು ಮರಿಗೂ ತಮ್ಮ ಮುಖ ನೆನಪಿರಬಾರದೆಂದು. ಹಗಲಿರುಳು ಸಾಕಿ, ಮೀನು ತಿನ್ನಿಸಿ, ಕೊನೆಗೆ ಅದು ತನ್ನನ್ನು ಕಂಡರೆ ಓಡಿಹೋಗಲಿ ಎಂದು ಹಾರೈಸುವ ಕೆಲಸವದು. ಯಜಮಾನರಿಗೆ ಬೇಕಾದದ್ದು ಮಾತ್ರ ಸೆಲ್ಫಿ.

ಒಂದು ಸೆಲ್ಫಿಯಿಂದ ಏನು ಮಹಾ ಎನ್ನುವವರು 841 ಎಂಬ ನಂಬರಿನ ನೀರುನಾಯಿಯ ಕಥೆ ಕೇಳಿ. 2023ರ ಬೇಸಿಗೆಯಲ್ಲಿ ಸಾಂತಾ ಕ್ರೂಸ್‌ನಲ್ಲಿ ಸರ್ಫ್ ಹಲಗೆ ಕಿತ್ತುಕೊಂಡು ಅದರ ಮೇಲೆ ಮಹಾರಾಣಿಯಂತೆ ಕೂರುತ್ತಿದ್ದ ನೀರುನಾಯಿ. ವಿಡಿಯೊ ನೀವೆಲ್ಲ ಹಂಚಿದ್ದಿರಿ, ನಾನೂ ನಕ್ಕು ಹಂಚಿದ್ದೆ. ಅದರ ತಾಯಿಯ ಪಾಡು ಆಮೇಲೆ ಓದಿದೆ. ಆ ತಾಯಿಯೂ ಅನಾಥ ಮರಿಯಾಗಿ ಬಂದು ಬೆಳೆದು ಕಡಲಿಗೆ ಮರಳಿದ್ದು. ಅಷ್ಟರಲ್ಲಿ ಜನ ಪ್ರೀತಿಯಿಂದ ಸ್ಕ್ವಿಡ್ ತಿನ್ನಿಸತೊಡಗಿದರು. ಅದು ಮನುಷ್ಯರ ಬೆನ್ನು ಬಿತ್ತು. ಮತ್ತೆ ಹಿಡಿದು ತರಬೇಕಾಯಿತು, ಆಗ ಅದು ಬಸುರಿ. 841 ಹುಟ್ಟಿದ್ದು ಹಾಗೆ, ಸೆರೆಯಲ್ಲಿ. ಇದನ್ನಾದರೂ ಉಳಿಸಿಕೊಳ್ಳೋಣವೆಂದು ಮುಖವಾಡ ಹಾಕಿಕೊಂಡೇ ಸಾಕಿ 2020ರಲ್ಲಿ ಬಿಟ್ಟರು. ವರ್ಷ ಕಳೆದ ಮೇಲೆ ಕಯಾಕ್ ಹತ್ತತೊಡಗಿತು. ಹಾರ್ಮೋನಿನ ಪ್ರಭಾವವಿರಬಹುದು, ಯಾರೋ ತಿನ್ನಿಸಿರಬಹುದು ಎಂದರು ತಿಳಿದವರು. 2023ರಲ್ಲಿ ಹಿಡಿಯಲು ವಾರಗಟ್ಟಲೆ ಹೆಣಗಿದರೂ ಕೈಗೆ ಸಿಗಲಿಲ್ಲ, ನಮ್ಮ ಅದೃಷ್ಟಕ್ಕೆ! ಅಕ್ಟೋಬರ್‌ನಲ್ಲಿ ಮರಿಯೊಂದಿಗೆ ಕಾಣಿಸಿಕೊಂಡಿತು. ಅಷ್ಟೂ ದಿನ ದಡದಲ್ಲಿ ಕ್ಯಾಮೆರಾ ಹಿಡಿದವರ ಜಾತ್ರೆ.

ಈಗ ನೀವು ಕೇಳುವ ಪ್ರಶ್ನೆ ಗೊತ್ತು. ಕಳೆದ ಸಲ ಇದರ ಬಗ್ಗೆ ಬರೆದಾಗ ಮೂವರು ಕೇಳಿದ್ದಿರಿ: ಒಂದು ನೀರುನಾಯಿಗೆ ಇಷ್ಟು ಖರ್ಚೇ, ಅದೇ ದುಡ್ಡಿನಲ್ಲಿ ಬಡ ಮಕ್ಕಳಿಗೆ ಹಾಲು ಕೊಡಬಹುದಿತ್ತಲ್ಲವೇ? ಖಂಡಿತ ಕೊಡಬಹುದಿತ್ತು. ನೀವು ಮೂವರು ಇದುವರೆಗೆ ಎಷ್ಟು ಲೀಟರ್ ಕೊಟ್ಟಿದ್ದೀರಿ ಎಂದು ಕಾಮೆಂಟಿನಲ್ಲಿ ಬರೆದರೆ ಚರ್ಚೆ ಮುಂದುವರಿಸೋಣ. ಅಷ್ಟರೊಳಗೆ ಇದನ್ನು ಕೇಳಿ. ಮಾಂಟೆರೆಗೆ ಹತ್ತಿರ ಎಲ್ಕ್‌ಹಾರ್ನ್ ಸ್ಲೂ ಎಂಬ ಜಾಗವಿದೆ, ನಮ್ಮ ಶರಾವತಿ ಅಳಿವೆಯಂತೆ ಉಬ್ಬರದ ಉಪ್ಪುನೀರು ಒಳನುಗ್ಗುವ ಜೌಗು. ಸಾಕುತಾಯಂದಿರ ಬಳಿ ಬೆಳೆದ 37 ಮರಿಗಳನ್ನು ಒಂದೊಂದಾಗಿ ಆ ಭಾಗದಲ್ಲಿ ಬಿಟ್ಟರು. ಮುಂದೆ ಅಲ್ಲಿ ಹೆಚ್ಚಿದ ನೀರುನಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಮರಿಗಳು ಮತ್ತು ಇವುಗಳ ಸಂತಾನದ್ದೆಂದು 2019ರಲ್ಲಿ ಲೆಕ್ಕ ಸಿಕ್ಕಿತು. ನೀರುನಾಯಿ ಏಡಿ ತಿಂದಿತು. ಏಡಿ ತಗ್ಗಿದ್ದರಿಂದ ಕಡಲ ಬಸವನಹುಳ ಉಳಿಯಿತು. ಅದು ನೀರೊಳಗಿನ ಹುಲ್ಲಿಗೆ ಮೆತ್ತಿದ್ದ ಪಾಚಿ ಮೇಯ್ದು, ಸಾಯುತ್ತಿದ್ದ ಹುಲ್ಲು ಚಿಗುರಿತು. ತುಪ್ಪಳದ ಆಸೆಗೆ ಮನುಷ್ಯ ಬೇಟೆಯಾಡಿ ಮುಗಿಸಿಯೇಬಿಟ್ಟನೆಂದುಕೊಂಡಿದ್ದ ಪ್ರಾಣಿಯಿದು. 1938ರಲ್ಲಿ ಬಿಗ್ ಸರ್ ಎಂಬ ಕರಾವಳಿಯ ಬಳಿ ಐವತ್ತರಷ್ಟಿದ್ದ ಗುಂಪು ಕಾಣಿಸಿತ್ತು. ಇಂದು ಕ್ಯಾಲಿಫೋರ್ನಿಯಾದಲ್ಲಿರುವುದು ಸುಮಾರು 3000.

ಅಕ್ವೇರಿಯಂ ಎಂಬುದೇ ಸೆರೆಮನೆಯಲ್ಲವೇ ಎಂದು ಕೇಳುವವರೂ ಇದ್ದಾರೆ. ಗಾಜಿನಾಚೆಗಿನ ನೀರುನಾಯಿಗಳು ಕಡಲಿಗೆ ಮರಳಲಾರದವು ಎಂಬ ಉತ್ತರ ನನ್ನಲ್ಲಿದೆ. ಉಳಿದ ಮೀನುಗಳ ವಿಷಯ ಎತ್ತಬೇಡಿ, ಆ ಉತ್ತರ ಅಷ್ಟು ದೂರ ಹೋಗುವುದಿಲ್ಲ. ಇದೇ ಅಕ್ವೇರಿಯಂ 2004ರಲ್ಲಿ ಬಿಳಿ ಶಾರ್ಕಿನ ಮರಿಯೊಂದನ್ನು 198 ದಿನ ಇಟ್ಟುಕೊಂಡಿತ್ತು, ನೋಡಲು ಜನ ಮುಗಿಬಿದ್ದಿದ್ದರು. 2011ರ ನಂತರ ಬಿಳಿ ಶಾರ್ಕ್ ಇಟ್ಟುಕೊಳ್ಳುವುದನ್ನೇ ನಿಲ್ಲಿಸಿಬಿಟ್ಟರು. ತೋರಿಸುವ ಚಪಲ ಅವರಿಗೂ ಇತ್ತು ಎಂದೇ ಇಟ್ಟುಕೊಳ್ಳಿ.

ಇಷ್ಟೆಲ್ಲವನ್ನೂ ನಾನು ಆ ಯಜಮಾನರಿಗೆ ಹೇಳಿದೆನೇ? ಎಲ್ಲಿ! “ಸಾರ್, ಮರಿಗೆ ನಮ್ಮ ಮುಖ ಅಭ್ಯಾಸವಾಗಬಾರದು...” ಎಂದು ಬಾಯಿ ತೆರೆದೆ. “ಓ, ಕನ್ನಡದವರೇ! ಯಾವ ಊರು ತಮ್ಮದು? ಒಂದು ಫೋಟೊ ತೆಗೆದುಕೊಡಿ” ಎಂದು ಮೊಬೈಲ್ ಕೈಗಿಟ್ಟರು. ಮರ್ಯಾದಸ್ಥ ಹೊನ್ನಾವರದವನು ಏನು ಮಾಡಬೇಕು? ಆರು ಫೋಟೊ ತೆಗೆದೆ. ಆರರಲ್ಲೂ ನೀರುನಾಯಿ ಬೆನ್ನು ತಿರುಗಿಸಿತ್ತು. ಸಂಕಟದಲ್ಲೂ ಅಷ್ಟು ಸುಖ ಸಿಕ್ಕಿತು.

ಬೈದು ಮುಗಿಸಿ ಮಲಗಬಹುದಿತ್ತು. ಆದರೆ ಹೋದ ವಾರ ಅಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಹಳೆಯ ಫೋಟೊ ಹಾಕಿದ್ದಳು. ಹನ್ನೊಂದು ವರ್ಷದ ನಾನು, ಚಡ್ಡಿಯಲ್ಲಿ, ದಡಕ್ಕೆ ಬಂದ ಕಡಲಾಮೆಯ ಮೇಲೆ ಕುದುರೆ ಸವಾರನಂತೆ ಕೂತು ಹಲ್ಲು ಕಿರಿದಿದ್ದೇನೆ. ಅಪ್ಪನ ಕ್ಯಾಮೆರಾ. ಸುತ್ತ ಕೇರಿಯ ಹುಡುಗರೆಲ್ಲ. ಫೋಟೊ ಮುಗಿದ ಮೇಲೆ ಎಲ್ಲರೂ ಸೇರಿ ಹೋ ಎಂದು ಕೂಗುತ್ತ ಅದನ್ನು ನೀರಿಗೆ ತಳ್ಳಿದೆವು, ಪುಣ್ಯದ ಕೆಲಸ ಮಾಡಿದ ಖುಷಿಯಲ್ಲಿ. ಮೊಟ್ಟೆ ಇಡಲು ಬಾರದೆ ಹಗಲು ಹೊತ್ತಿನಲ್ಲಿ ಸುಮ್ಮನೆ ದಡದಲ್ಲಿ ಬಿದ್ದಿರುವ ಆಮೆಗೆ ಈಜುವ ತ್ರಾಣವೇ ಇರುವುದಿಲ್ಲ, ಹಿಂದಕ್ಕೆ ತಳ್ಳಬಾರದು, ನೆರಳು ಮಾಡಿ ಅರಣ್ಯ ಇಲಾಖೆಗೆ ತಿಳಿಸಬೇಕು ಎಂಬುದು ನನಗೆ ಗೊತ್ತಾದದ್ದು ಈ ಊರಿಗೆ ಬಂದ ಮೇಲೆ.

ಗುಂಪಿನಲ್ಲಿ ಎಲ್ಲರೂ ಹೃದಯ ಒತ್ತಿದ್ದರು. ಅಕ್ಕನ ಮಗಳು ಮಾತ್ರ, “ಅಜ್ಜಿ, ಆ ಆಮೆ ಆಮೇಲೆ ಏನಾಯಿತು?” ಎಂದು ಕೇಳಿದ್ದಳು. “ಸಮುದ್ರಕ್ಕೆ ಹೋಯಿತು ಪುಟ್ಟಿ” ಎಂದು ಅಮ್ಮ ಉತ್ತರಿಸಿದ್ದಳು.

ಹೋಗಿದ್ದು ಹೌದು. ಮರುದಿನ ಬೆಳಿಗ್ಗೆ ಅದೇ ಜಾಗಕ್ಕೆ ತಿರುಗಿ ಬಂದು ಬಿದ್ದಿತ್ತು. ಆಗ ಯಾರೂ ಫೋಟೊ ತೆಗೆಯಲಿಲ್ಲ.