ಇನ್ವಿನ್ಸಿಬಲ್‌ಗೆ ಸಣ್ಣ ಸಂಪುಟಗಳೇ ಸರಿ

ಇನ್ವಿನ್ಸಿಬಲ್ ಅನ್ನುವ ಸೂಪರ್‌ಹೀರೋ ಕಾಮಿಕ್ ಶುರು ಮಾಡುವವರು ನೇರವಾಗಿ ಕಾಂಪೆಂಡಿಯಂ (ಹತ್ತಾರು ಸಂಚಿಕೆಗಳನ್ನು ಒಟ್ಟಿಗೆ ಕಟ್ಟಿದ ದಪ್ಪ ಪುಸ್ತಕ) ಕೊಳ್ಳಲಿ ಅಂತ ಬರೆದಿದ್ದೀರಿ, ನಾನು ಒಪ್ಪುವುದಿಲ್ಲ. 2003ರಿಂದ 2018ರವರೆಗೆ ಬಂದ 144 ಸಂಚಿಕೆಗಳು ಮೂರೇ ಪುಸ್ತಕದಲ್ಲಿ ಸಿಗುತ್ತವೆ, ದುಡ್ಡೂ ಉಳಿಯುತ್ತದೆ, ನಿಜ. ಆದರೆ ಸಾವಿರಕ್ಕೂ ಜಾಸ್ತಿ ಪುಟದ ಆ ದಪ್ಪ ಪುಸ್ತಕವನ್ನು ಮಲಗಿಕೊಂಡು ಓದೋಕೆ ಆಗುವುದಿಲ್ಲ, ಕೈ ಸೋಲುತ್ತದೆ, ಎರಡೂ ಪುಟಕ್ಕೆ ಹರಡಿದ ಹೊಡೆದಾಟದ ಚಿತ್ರದ ನಡುಭಾಗ ಬೈಂಡಿಂಗ್ ಒಳಗೆ ಹೋಗಿಬಿಡುತ್ತದೆ. ಚಿತ್ರಕಾರ ರಯಾನ್ ಆಟ್ಲಿ ಅಷ್ಟು ಕಷ್ಟಪಟ್ಟು ಬಿಡಿಸಿದ್ದು ಹಾಗೆ ಮರೆಯಾದರೆ ಬೇಜಾರಾಗುತ್ತದೆ ಅಲ್ವಾ? ನಾನು 25 ಸಣ್ಣ ಸಂಪುಟಗಳಲ್ಲೇ ಓದಿದೆ. ಒಂದು ಸಂಜೆಗೆ ಒಂದು ಸರಿಹೋಗುತ್ತದೆ. ಮೊದಲ ಎರಡು ಸಾಧಾರಣ ಅನಿಸಬಹುದು, ದಯವಿಟ್ಟು ಅಲ್ಲಿಗೇ ಬಿಡಬೇಡಿ, ಮೂರನೆಯದರಲ್ಲಿ ಕಥಾನಾಯಕ ಮತ್ತು ಅವನ ಅಪ್ಪ ಎದುರುಬದುರು ನಿಲ್ಲುತ್ತಾರೆ.