14 ತಿಂಗಳು, 9 ಕಿಲೋ

ಮೊನ್ನೆ ರಾತ್ರಿ ತಂಗಿ ಫೋನ್ ಮಾಡಿದ್ದಳು. ದನಿಯಲ್ಲಿ ಶಕ್ತಿಯೇ ಇರಲಿಲ್ಲ. "ಅಕ್ಕಾ, ನಾಲ್ಕು ದಿನದಿಂದ ಬರೀ ಜ್ಯೂಸ್ ಕುಡೀತಿದೀನಿ. 2 ಕಿಲೋ ಇಳಿದೆ, ಗೊತ್ತಾ?" ಅಂದಳು. ಅವಳಿಗೆ ಖುಷಿ. ನನಗೆ ಸಂಕಟವಾಯಿತು.

ಯಾಕೆಂದರೆ ಇಳಿದದ್ದು ಬಹುಪಾಲು ನೀರು. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ಬಿಟ್ಟರೆ ಮೊದಲು ಖಾಲಿಯಾಗುವುದು ಇದೇ. ಮತ್ತೆ ಊಟ ಶುರು ಮಾಡಿದರೆ ಅಷ್ಟೂ ವಾಪಸ್. ಲೆಕ್ಕ ಹಾಕಿ ನೋಡಿ. 1 ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ನಾಲ್ಕು ದಿನದಲ್ಲಿ 2 ಕಿಲೋ ಕೊಬ್ಬು ಕರಗಬೇಕಾದರೆ ದಿನಕ್ಕೆ 3,850 ಕ್ಯಾಲೊರಿ ಕೊರತೆ ಬೀಳಬೇಕು. ಕೂತು ಕೆಲಸ ಮಾಡುವ ನಮ್ಮಂಥವರ ದೇಹ ಇಡೀ ದಿನ ಖರ್ಚು ಮಾಡುವುದೇ ಹೆಚ್ಚುಕಡಿಮೆ ಅದರ ಅರ್ಧ!

ನಾನೂ ಇದೇ ದಾರಿಯಲ್ಲಿ ಹೋಗಿ ಬಂದವಳು. ಒಂದೇ ತಿಂಗಳಲ್ಲಿ 6 ಕಿಲೋ ಇಳಿಸಿದ್ದೆ. ತಲೆ ಸುತ್ತುತ್ತಿತ್ತು, ಆಮೇಲೆ ಬಾಚಣಿಗೆ ತುಂಬ ಕೂದಲು. ವರ್ಷ ತುಂಬುವುದರೊಳಗೆ 8 ಕಿಲೋ ಏರಿತು. ನನ್ನ ಮನಸ್ಸೇ ಗಟ್ಟಿ ಇಲ್ಲ ಅಂತ ಎಷ್ಟು ಅತ್ತಿದ್ದೆನೋ.

ಆಮೇಲೆ ಒಂದು ಪ್ರಯೋಗದ ಬಗ್ಗೆ ಓದಿದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟರು. ಯುದ್ಧಕ್ಕೆ ಹೋಗುವುದಿಲ್ಲ ಎಂದು ಗಟ್ಟಿಯಾಗಿ ನಿಂತವರು ಅವರು. ತಾವಾಗಿಯೇ ಮುಂದೆ ಬಂದವರು. ಅಂಥವರೂ ಹಗಲು ರಾತ್ರಿ ಊಟದ್ದೇ ಧ್ಯಾನ ಮಾಡತೊಡಗಿದರು. ಅಡುಗೆ ಪುಸ್ತಕ ಓದಿದರು, ತಟ್ಟೆ ನೆಕ್ಕಿದರು. ಹಸಿದ ದೇಹ ಹಾಗೆ ಮಾಡಿಸುತ್ತದೆ. ಅದು ಯಾರ ದೌರ್ಬಲ್ಯವೂ ಅಲ್ಲ. ದಯವಿಟ್ಟು ಇದೊಂದು ಮಾತು ನಂಬಿ.

ಎರಡನೇ ಸಲ ನಾನು ಹಸಿವಿನ ಜೊತೆ ಜಗಳಕ್ಕೆ ಹೋಗಲಿಲ್ಲ. ಮೊದಲ ತಿಂಗಳು ಮಾಡಿದ್ದು ಇಷ್ಟೇ: ಸಿಹಿ ಪಾನೀಯ ಬಿಟ್ಟೆ. ಆಮೇಲೆ ತಟ್ಟೆಯಲ್ಲಿ ಅರ್ಧ ಜಾಗ ತರಕಾರಿಗೆ ಕೊಟ್ಟೆ. ಪ್ರತಿ ಊಟಕ್ಕೂ ಕಾಳು, ಬೇಳೆ ಅಥವಾ ಮೊಟ್ಟೆ. ಹೊಟ್ಟೆ ತುಂಬುತ್ತಿತ್ತು, ಮತ್ತೆ ಮತ್ತೆ ತಿನ್ನಬೇಕು ಅನಿಸುವುದು ತಾನಾಗಿ ಕಡಿಮೆಯಾಯಿತು. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾದ ನಡಿಗೆ. ನಡಿಗೆ ಒಂದರಿಂದಲೇ ತೂಕ ಇಳಿಯುತ್ತದೆ ಅಂತ ಹೇಳಲಾರೆ. ಅರ್ಧ ಗಂಟೆಯಲ್ಲಿ ಖರ್ಚಾದದ್ದನ್ನು ನಾಲ್ಕು ಬಿಸ್ಕತ್ತು ತುಂಬಿಬಿಡುತ್ತವೆ. ಇಳಿಸುವುದು ಊಟ, ಇಳಿದದ್ದನ್ನು ಉಳಿಸುವುದು ನಡಿಗೆ. ನನಗೆ ಕಂಡದ್ದು ಹೀಗೆ.

ನಡುವೆ ಏಳು ವಾರ ತೂಕ ಅಲುಗಲೇ ಇಲ್ಲ. ಬಿಟ್ಟುಬಿಡೋಣ ಅನಿಸಿದ್ದು ಆಗಲೇ. ಅದೇ ವಾರ ಒಂದು ಸಂಜೆ ಪಾತ್ರೆ ತೊಳೆಯುತ್ತಿದ್ದೆ. ಬೆರಳಿನ ಉಂಗುರ ಜಾರಿ ಟಣ್ ಅಂತ ಸಿಂಕಿಗೆ ಬಿತ್ತು. ಸೋಪು ಹಚ್ಚಿ ತಿರುಗಿಸಿದರೂ ಬಾರದಿದ್ದ ಉಂಗುರ ಅದು! ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲಿ ಅದನ್ನು ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟೆ. 14 ತಿಂಗಳಲ್ಲಿ ಇಳಿದದ್ದು 9 ಕಿಲೋ. ಎರಡು ವರ್ಷವಾಯಿತು, ಹಾಗೇ ಇದೆ.

ಇಷ್ಟು ಕಮ್ಮಿ ಇಳಿಸಿ ಏನು ಪ್ರಯೋಜನ ಅಂತ ಕೇಳುವವರಿದ್ದಾರೆ. ಜಾಸ್ತಿ ಇದೆ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಅಲ್ಲಿ ಕೊಟ್ಟ ಗುರಿ ಎರಡೇ: ತೂಕದಲ್ಲಿ 7% ಇಳಿಕೆ, ವಾರಕ್ಕೆ 150 ನಿಮಿಷ ವ್ಯಾಯಾಮ. ಇಂಥ ಗುರಿ ಇಲ್ಲದೆ ಬರೀ ಹುಸಿ ಮಾತ್ರೆ ತಗೊಂಡವರಿಗೆ ಹೋಲಿಸಿದರೆ ಅವರಲ್ಲಿ ಕಾಯಿಲೆ ಬರುವ ಪ್ರಮಾಣ 58% ಕಡಿಮೆಯಾಯಿತು. 80 ಕಿಲೋ ಇರುವವರಿಗೆ 7% ಅಂದರೆ 6 ಕಿಲೋ ಕೂಡ ಇಲ್ಲ, ಅಲ್ವಾ? (ಈಗಾಗಲೇ ಶುಗರ್, ಬಿಪಿಗೆ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ತೂಕ ಇಳಿದರೆ ಮಾತ್ರೆಯ ಪ್ರಮಾಣವೂ ಬದಲಾಗಬೇಕಾಗಬಹುದು.)

ಇದನ್ನೆಲ್ಲ ತಂಗಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಾಗಾದ್ರೆ ನಾನು ಎಷ್ಟು ದಿನ ಕಾಯ್ಬೇಕು ಅಕ್ಕಾ?" ಅಂದಳು.

"ವಾರಕ್ಕೆ ಅರ್ಧ ಕಿಲೋ ಇಳಿದರೂ ಬೇಕಾದಷ್ಟಾಯ್ತು ಕಣೇ. ಈಗ ಮೊದಲು ಊಟ ಮಾಡು. ನಾನು ಫೋನ್ ಇಡಲ್ಲ."

ಆ ಕಡೆ ಅಡುಗೆಮನೆ ಲೈಟ್ ಹಾಕಿದ ಸದ್ದು. ಆಮೇಲೆ ತಟ್ಟೆಯದು.